‘ನಮ್ಮವರಿಗೆ ಮಾತ್ರ’ ಬಾಡಿಗೆಗೆ

ಕಳೆದ ತಿಂಗಳ ಶಿವಾನುಭವದಲ್ಲಿ ಬಸವಣ್ಣನವರ ಮಹಾಮನೆಯ ಕುರಿತು ಒಂದು ತಾಸಿನ ಉಪನ್ಯಾಸವಿತ್ತು. ಕಲ್ಯಾಣದ ಆ ಮನೆಯ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ, ಸಮಗಾರ, ಡೋಹಾರ, ಅಂಬಿಗ, ಮಡಿವಾಳ ಎಲ್ಲರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು ಎಂದು ಉಪನ್ಯಾಸಕರು ಮನಮುಟ್ಟುವಂತೆ ಹೇಳಿದರು. ಸಭೆಯಲ್ಲಿ ಎರಡು ಸಲ ಚಪ್ಪಾಳೆ ಬಿದ್ದವು. ಮುಗಿದ ಮೇಲೆ ಪ್ರಸಾದದ ಸಾಲಿನಲ್ಲಿ ನಿಂತಿದ್ದೆ. ಹಿರಿಯ ಶರಣರೊಬ್ಬರು ಹತ್ತಿರ ಬಂದು, “ನಿಮ್ಮ ಕಡೆ ಯಾವುದರ ಮನಿ ಖಾಲಿ ಇದ್ರ ಹೇಳ್ರಿ ಸರ್. ಹುಡುಗ ಭಾಳ ಛಲೋ ಅದಾನ. ನಮ್ಮವನ ಅದಾನ” ಎಂದರು.

ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಪರಿಚಯದ ಹುಡುಗನಿಗೆ ಒಂದು ಮನೆ ಹುಡುಕಿ ಕೊಡಬೇಕೆಂಬ ಕಳಕಳಿ, ಅಷ್ಟೇ. ಆದರೆ ಅದೇ ‘ನಮ್ಮವ’ ಎಂಬ ಶಬ್ದ ಹತ್ತು ನಿಮಿಷದ ಹಿಂದೆ ವೇದಿಕೆಯ ಮೇಲಿಂದಲೂ ಬಂದಿತ್ತು. ಬಂದವನನ್ನು ಯಾರವನೆಂದು ವಿಚಾರಿಸುವ ಬುದ್ಧಿ ತನಗೆ ಬಾರದಿರಲಿ ಎಂದು ಬಸವಣ್ಣನವರು ಕೂಡಲಸಂಗಮನಲ್ಲಿ ಬೇಡಿಕೊಂಡ ಆ ವಚನವನ್ನು ನಮ್ಮ ಮಕ್ಕಳು ಒಂದನೇ ಇಯತ್ತೆಯಿಂದಲೇ ಬಾಯಿಪಾಠ ಮಾಡುತ್ತವೆ. ಅಲ್ಲಿ ‘ನಮ್ಮವ’ ಎಂದರೆ ಬಾಗಿಲಿಗೆ ಬಂದ ಯಾರಾದರೂ. ಪ್ರಸಾದದ ಸಾಲಿಗೆ ಬರುವಷ್ಟರಲ್ಲಿ ಅದೇ ಶಬ್ದಕ್ಕೆ ನಮ್ಮ ಜಾತಿಯವ ಎಂಬ ಅರ್ಥ ಬಂದಿತ್ತು. ಕೇಳಿದ ನನಗೂ ಅದು ಕೂಡಲೇ ತಿಳಿಯಿತು. ನಾನು ತಿದ್ದಲಿಲ್ಲ, “ನೋಡ್ತೀನ್ರಿ ಅಣ್ಣಾರ” ಎಂದೆ. ತಿದ್ದುವ ನೈತಿಕತೆ ನನಗೆ ಇರಲೂ ಇಲ್ಲ. ಯಾಕೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಾನಿರುವುದು ಧಾರವಾಡದಲ್ಲಿ. ಈ ಊರಿನ ಬಾಡಿಗೆ ಮನೆಗಳ ಕಥೆ ತಿಳಿಯಬೇಕಾದರೆ ಇಲ್ಲಿಗೆ ಯಾರು ಯಾರು ಬಂದರು ಎಂಬುದನ್ನು ನೋಡಬೇಕು. ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆಯಿತು. 2016ರಲ್ಲಿ ಐ.ಐ.ಟಿ. ಶುರುವಾಯಿತು. ಇವುಗಳ ನಡುವೆ ಸದ್ದಿಲ್ಲದೆ ಬೆಳೆದದ್ದು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಎಂದು ಬೀದರಿನಿಂದ ಹಿಡಿದು ಹಾವೇರಿಯವರೆಗಿನ ಹುಡುಗ ಹುಡುಗಿಯರು ಸಪ್ತಾಪುರ, ಜಯನಗರ, ಕಲ್ಯಾಣನಗರದ ಸಂದಿಗೊಂದಿಗಳಲ್ಲಿ ರೂಮು ಹಿಡಿದು ಓದುತ್ತಾರೆ. ಪೆನ್ಶನ್ ಹಣದಲ್ಲಿ ಒಂದು ಮನೆ ಕಟ್ಟಿಕೊಂಡು, ಅಂಗಳದಲ್ಲಿ ದಾಸವಾಳ ಬೆಳೆಸಿಕೊಂಡು ಇದ್ದ ನಮ್ಮಂಥವರೆಲ್ಲ ಒಬ್ಬರನ್ನು ನೋಡಿ ಒಬ್ಬರು ಮಾಡಿ ಮೇಲೆ ಮಾಡಿ ಏರಿಸಿದೆವು. ದಾಸವಾಳ ಇದ್ದ ಕಡೆ ಈಗ ಬೈಕು ನಿಲ್ಲುತ್ತವೆ. ಹುಬ್ಬಳ್ಳಿ–ಧಾರವಾಡ ರಸ್ತೆ ಅಗಲವಾಗಿ ಚಿಗರಿ ಬಸ್ಸು ಓಡತೊಡಗಿದ ಮೇಲಂತೂ ನವನಗರ, ರಾಯಾಪುರ, ಸತ್ತೂರಿನ ಕಡೆಯ ಹೊಲಗಳೆಲ್ಲ ಪ್ಲಾಟುಗಳಾಗಿವೆ. ಎಕರೆಯ ಲೆಕ್ಕದಲ್ಲಿದ್ದ ಮಾತು ಗುಂಟೆಗೆ ಬಂತು, ಈಗ ಚದರ ಅಡಿಗೆ ಬಂದಿದೆ.

ನನ್ನ ಮಾಡಿ ಮೇಲಿನ ಮನೆಯನ್ನು 2009ರಲ್ಲಿ 3,500 ರೂಪಾಯಿಗೆ ಕೊಟ್ಟಿದ್ದೆ. ಈಗ ಅದರ ಬಾಡಿಗೆ 11,000. ಅಡಿಗೆಮನೆಗೆ ಕಟ್ಟೆ ಹಾಕಿಸಿದ್ದು, ಒಮ್ಮೆ ಸುಣ್ಣ ಬಳಿಸಿದ್ದು ಬಿಟ್ಟರೆ ಅದಕ್ಕೆ ನಾನು ಮಾಡಿದ್ದು ಏನೂ ಇಲ್ಲ. ಕಾಯಕದಿಂದ ಬಾರದ ಹಣವನ್ನು ಶರಣರು ಮುಟ್ಟುತ್ತಿರಲಿಲ್ಲ ಎಂದು ನಾವು ಭಾಷಣ ಮಾಡುತ್ತೇವೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ತಿರುಗಿ ಕೊಟ್ಟು ಬರಲು ಹೇಳಿದ ಕಥೆಯನ್ನು ನಾನೇ ಎಷ್ಟೋ ಮನೆಗಳ ಗುರುಪ್ರವೇಶದಲ್ಲಿ ಹೇಳಿದ್ದೇನೆ. ಬಾಡಿಗೆ ಹಣ ಕಾಯಕದ್ದೋ ಅಲ್ಲವೋ ಎಂಬ ಚರ್ಚೆ ಬೇರೆ, ಅದನ್ನು ಇನ್ನೊಮ್ಮೆ ಮಾಡೋಣ. ಇಲ್ಲಿ ಹೇಳಬೇಕಾದದ್ದು ಇಷ್ಟು: ಮನೆ ಕಡಿಮೆ, ಕೇಳುವವರು ಹೆಚ್ಚು ಎಂದಾದಾಗ ಮನೆ ಮಾಲೀಕನಿಗೆ ಆರಿಸುವ ಅಧಿಕಾರ ಸಿಗುತ್ತದೆ. ಒಂದು ಖಾಲಿ ಮನೆಗೆ ಎಂಟು ಮಂದಿ ಬಂದರೆ ಎಂಟರಲ್ಲಿ ಒಬ್ಬರನ್ನು ಯಾವುದಾದರೂ ಅಳತೆಗೋಲಿನಿಂದ ಆರಿಸಲೇಬೇಕು. ಬಾಡಿಗೆ ಸರಿಯಾಗಿ ಕೊಡುತ್ತಾನೆಯೇ ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಗೋಡೆಗೆ ಮೊಳೆ ಹೊಡೆಯುತ್ತಾನೆಯೇ ಎಂದು ತಿಳಿಯುವುದಿಲ್ಲ. ಜಾತಿಯನ್ನು ಮಾತ್ರ ಕೂಡಲೇ ಕೇಳಿ ತಿಳಿಯಬಹುದು. ಹೀಗಾಗಿ ಊರು ಬೆಳೆದಷ್ಟೂ ಜಾತಿ ಕೇಳುವುದು ಕಡಿಮೆಯಾದೀತು ಎಂಬ ನಮ್ಮ ಲೆಕ್ಕ ತಪ್ಪಿತು. ಧಾರವಾಡ ಬೆಳೆದಷ್ಟೂ ಗೇಟಿನ ಹತ್ತಿರದ ವಿಚಾರಣೆಯೂ ಬೆಳೆಯಿತು.

ಈ ವಿಚಾರಣೆ ಹೇಗೆ ನಡೆಯುತ್ತದೆ ಎಂಬುದು ಓದುಗರಿಗೆ ಗೊತ್ತಿರುವುದೇ. ನೇರವಾಗಿ ಕೇಳುವವರು ಕಡಿಮೆ. “ಯಾವ ಊರಿನವರು?” ಎಂದು ಶುರುವಾಗುತ್ತದೆ. “ಅಡ್ಡಹೆಸರು ಏನ್ರಿ?” “ನಿಮ್ಮ ಮನಿ ದೇವರು ಯಾವುದು?” “ಮಠ ಯಾವುದು?” ಇಷ್ಟಾದರೂ ತಿಳಿಯದಿದ್ದರೆ ಕೊನೆಗೆ “ನೀವು ಯಾರ ಪೈಕಿ?” ನಮ್ಮವರೇ ಎಂದು ಗೊತ್ತಾದ ಮೇಲೂ ನಿಲ್ಲುವುದಿಲ್ಲ. ಪಂಚಮಸಾಲಿಯೋ, ಬಣಜಿಗರೋ, ಸಾದರರೋ, ಜಂಗಮರೋ ಎಂದು ಇನ್ನೊಂದು ಸುತ್ತು ನಡೆಯುತ್ತದೆ. ಏಜೆಂಟರು ಇನ್ನೂ ಚುರುಕು. ಪರಿಚಯದ ಏಜೆಂಟನೊಬ್ಬ ಫೋನು ಎತ್ತಿದ ಕೂಡಲೇ, ಎಷ್ಟು ರೂಮು ಬೇಕು ಎನ್ನುವ ಮೊದಲೇ ಜಾತಿ ಕೇಳುತ್ತಾನೆ. ಯಾಕಪ್ಪಾ ಹೀಗೆ ಎಂದರೆ, “ಸರ್, ಮೊದಲ ಕೇಳಿದ್ರ ಇಬ್ರಿಗೂ ಟೈಮ್ ಉಳೀತದ್ರಿ. ಮನಿ ತೋರ್ಸಿ ಆಮ್ಯಾಲೆ ಇಲ್ಲ ಅಂದ್ರ ಅವ್ರಿಗೂ ಬ್ಯಾಸರ” ಎಂದ. ಆತನ ಮಾತಿನಲ್ಲಿ ನಮ್ಮೆಲ್ಲರಿಗಿಂತ ಪ್ರಾಮಾಣಿಕತೆ ಇದೆ ಎಂದು ಎಷ್ಟೋ ಸಲ ನನಗೆ ಅನ್ನಿಸಿದೆ.

ಇನ್ನು ನನ್ನ ಕಥೆ.

ನನ್ನ ಮನೆಯ ಹೆಸರು ‘ಮಹಾಮನೆ’. ಕಟ್ಟಿದಾಗ ನಮ್ಮ ಸ್ವಾಮೀಜಿಯವರಿಂದಲೇ ಹೆಸರು ಇಡಿಸಿ, ಕರಿಕಲ್ಲಿನಲ್ಲಿ ಕೆತ್ತಿಸಿ ಗೇಟಿನ ಕಂಬಕ್ಕೆ ಕೂಡಿಸಿದೆ. ಪಡಸಾಲೆಗೆ ಕಾಲಿಟ್ಟರೆ ಎದುರಿಗೇ ಬಸವಣ್ಣನವರ ಭಾವಚಿತ್ರ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತನಾದವನು ನಾನು. 2017ರಲ್ಲಿ ಬೀದರಿನಿಂದ ಬೆಳಗಾವಿಯವರೆಗೆ, ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಲಿಂಗಾಯತ ಸ್ವತಂತ್ರ ಧರ್ಮದ ಸಮಾವೇಶಗಳು ನಡೆದಾಗ ಹುಬ್ಬಳ್ಳಿಯ ಸಮಾವೇಶಕ್ಕೆ ನಮ್ಮ ಓಣಿಯಿಂದ ಜನರನ್ನು ಕರೆದುಕೊಂಡು ಹೋದವನೂ ನಾನೇ. ನಮ್ಮ ಧರ್ಮಕ್ಕೆ ಜಾತಿ ಇಲ್ಲ, ವರ್ಣಾಶ್ರಮವನ್ನು ತಿರಸ್ಕರಿಸಿ ಹುಟ್ಟಿದ ಧರ್ಮ ನಮ್ಮದು ಎಂಬುದು ಅಲ್ಲಿಯ ಮುಖ್ಯ ವಾದ. ನಾಗಮೋಹನದಾಸ್ ಸಮಿತಿಯ ವರದಿಯನ್ನು 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಒಪ್ಪಿದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಆಗಿತ್ತು.

ಅದಾದ ಮುಂದಿನ ವರ್ಷ ಮಾಡಿ ಮೇಲಿನ ಮನೆ ಖಾಲಿಯಾಯಿತು. ರವಿವಾರ ಮುಂಜಾನೆ ಒಬ್ಬ ಹುಡುಗ ಬಂದ. ಹುಡುಗ ಎಂದರೆ ಮೂವತ್ತರ ಆಸುಪಾಸು, ರಾಯಚೂರಿನ ಕಡೆಯವನು. ಕಾಲೇಜೊಂದಕ್ಕೆ ಇತಿಹಾಸ ಕಲಿಸಲು ಹೊಸದಾಗಿ ಸೇರಿದ್ದ. ಹೆಂಡತಿ, ಮೂರು ವರ್ಷದ ಮಗಳು. ಮನೆ ನೋಡಿ ಬಂದು ಪಡಸಾಲೆಯಲ್ಲಿ ಕುಳಿತ. ಮಗಳನ್ನು ಹಾಕಲು ಹತ್ತಿರದಲ್ಲಿ ಬಾಲವಾಡಿ ಇದೆಯೇ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದ. ಬಾಡಿಗೆಗೆ ಚೌಕಾಸಿ ಮಾಡಲಿಲ್ಲ. ನನಗೆ ಹುಡುಗ ಹಿಡಿಸಿದ. ಚಹಾ ಕುಡಿಯುತ್ತ ಕಲ್ಯಾಣದ ಕಲಚುರಿಗಳ ಬಗ್ಗೆ ಒಳ್ಳೆಯ ಮಾತುಕತೆಯೇ ನಡೆಯಿತು. ಎಲ್ಲ ಮುಗಿದು ಮುಂಗಡದ ಮಾತಿಗೆ ಬರುವಾಗ ನನ್ನ ಬಾಯಿಂದ ಆ ಪ್ರಶ್ನೆ ಬಂತು. ಯೋಚನೆ ಮಾಡಿ ಕೇಳಿದ್ದಲ್ಲ, ರೂಢಿಯಿಂದ ಬಂತು.

“ಅಂದ್ಹಂಗ, ನೀವು ಯಾರ ಪೈಕಿ?”

ಆತ ಚಹಾದ ಕಪ್ಪನ್ನು ಕೆಳಗಿಟ್ಟ. “ಎಸ್.ಸಿ. ರಿ ಸರ್” ಎಂದ.

“ಹೌದೇನು, ಇರಲಿ ಇರಲಿ” ಎಂದೆ. ಆಮೇಲೆ ಹೇಳಿದೆ: “ಮನ್ಯಾಗ ಒಂದ್ ಮಾತು ಕೇಳಿ, ಫೋನ್ ಮಾಡ್ತೀನಿ.”

ಫೋನು ಬರುವುದಿಲ್ಲ ಎಂಬುದು ಆತನಿಗೆ ಅಲ್ಲಿಯೇ ತಿಳಿಯಿತು. ಚಪ್ಪಲಿ ಹಾಕಿಕೊಳ್ಳುತ್ತ, “ಗೇಟಿನ ಮ್ಯಾಲೆ ಹೆಸರು ನೋಡಿ ಬಂದಿದ್ದೆ ಸರ್” ಎಂದ. ಕುಹಕದಿಂದ ಹೇಳಿದ್ದಲ್ಲ. ಸಿಟ್ಟೂ ಇರಲಿಲ್ಲ. ಇನ್ನೊಂದು ಗೇಟು ಹುಡುಕಲು ಹೋಗಬೇಕಾಗಿದ್ದ ಮನುಷ್ಯನ ದಣಿವು ಇತ್ತು.

ಆತ ಹೋದ ಮೇಲೆ ನಮ್ಮ ಮನೆಯವರು ಒಳಗಿನಿಂದ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. “ನನ್ನ ಹೆಸರು ಯಾಕ ತಗೊಂಡ್ರಿ? ನನ್ನ ಕೇಳಿದ್ರೇನು ನೀವು?” ಎಂದರು. ನಾನು ಉತ್ತರ ಕೊಡಲಿಲ್ಲ. ಅಂದು ಸಂಜೆ ಇಷ್ಟಲಿಂಗ ಪೂಜೆಗೆ ಕುಳಿತೆ. ಪೂಜೆಯಲ್ಲಿ ಏನಾಯಿತು ಎಂದು ಬರೆದು ದೊಡ್ಡವನಾಗುವ ಆಸೆ ನನಗಿಲ್ಲ. ಮರುದಿನ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಹದಿನೈದು ದಿನಗಳಲ್ಲಿ ‘ನಮ್ಮವರೇ’ ಒಬ್ಬರು ಬಂದರು, ಮನೆ ಕೊಟ್ಟೆ. ಒಂದು ವರ್ಷದ ಮೇಲೆ ಜುಬಿಲಿ ಸರ್ಕಲ್‌ನಲ್ಲಿ ಆ ಹುಡುಗ ಸಿಕ್ಕ. ಊರ ಹೊರಗಿನ ಹೊಸ ಲೇಔಟಿನಲ್ಲಿ ಮನೆ ಸಿಕ್ಕಿದೆ ಎಂದ. ಬಾಡಿಗೆ ನನ್ನ ಮನೆಗಿಂತ ಹೆಚ್ಚು, ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. “ಆರಾಮ ಅದೀರಲ್ರಿ ಸರ್?” ಎಂದು ಆತನೇ ಕೇಳಿದ.

ಈ ಕಥೆಯನ್ನು ನಾಲ್ಕಾರು ಸಮಾನಮನಸ್ಕರ ಮುಂದೆ ಹೇಳಿದೆ. ಬಂದ ಉತ್ತರಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: “ಜಾತಿ ಅಲ್ರಿ, ಊಟದ ಪ್ರಶ್ನೆ. ನಾವು ಸಸ್ಯಾಹಾರಿಗಳು. ಮೇಲಿನ ಮನಿಯಿಂದ ವಾಸನಿ ಬಂದ್ರ ಹೆಂಗ?” ಇದನ್ನು ಅಪಹಾಸ್ಯ ಮಾಡಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಹುಟ್ಟಿನಿಂದ ಮಾಂಸದ ವಾಸನೆ ಕಾಣದವರಿಗೆ ಅದು ನಿಜವಾಗಿಯೂ ಆಗದಿರಬಹುದು. ಆದರೆ ಒಂದು ಮಾತು. ನಾನು ಆ ಹುಡುಗನಿಗೆ ಊಟದ ವಿಷಯ ಕೇಳಲೇ ಇಲ್ಲ. ಆತನ ಮನೆಯಲ್ಲಿ ಏನು ಬೇಯಿಸುತ್ತಾರೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಅದೇ ಮುಂದೆ ಬಂದ ‘ನಮ್ಮವರ’ ಮನೆಯ ಹುಡುಗರು ಶನಿವಾರ ಶನಿವಾರ ಹುಬ್ಬಳ್ಳಿಗೆ ಹೋಗಿ ಬಿರಿಯಾನಿ ತಿಂದು ಬರುತ್ತಿದ್ದರು, ಒಮ್ಮೊಮ್ಮೆ ಪಾರ್ಸಲ್ಲೂ ತರುತ್ತಿದ್ದರು. ಅದು ಗೊತ್ತಾದಾಗ ನಾನು ನಕ್ಕು ಸುಮ್ಮನಾದೆ. ಅಂದರೆ ನಾವು ಊಟ ಕೇಳಿ ಮನೆ ಕೊಡುವವರಲ್ಲ. ಜಾತಿ ಕೇಳುತ್ತೇವೆ, ಊಟವನ್ನು ನಾವೇ ಊಹಿಸಿಕೊಳ್ಳುತ್ತೇವೆ. ಗೇಟಿನ ಮೇಲೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದ ಮನೆಗಳಲ್ಲಿ ಸಸ್ಯಾಹಾರಿಯಾದ ದಲಿತರು ಎಷ್ಟು ಜನರಿದ್ದಾರೆ ಎಂದು ಯಾರಾದರೂ ಒಂದು ಸಲ ನೋಡಿ ಬಂದರೆ ಈ ವಾದದ ಗಟ್ಟಿತನ ತಿಳಿದೀತು. ಅದೂ ಅಲ್ಲದೆ ಮಾಂಸ ಬಿಡುವುದು ನನ್ನ ಆಚಾರ, ನನ್ನ ಒಲೆಯ ಮೇಲಿನ ನಿಯಮ. 11,000 ರೂಪಾಯಿ ತೆಗೆದುಕೊಂಡು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಒಲೆಯ ಮೇಲೆ ನನ್ನ ನಿಯಮ ಎಷ್ಟು ನಡೆಯಬೇಕು?

ಎರಡನೆಯ ಉತ್ತರ, “ನಮಗೇನೂ ಇಲ್ಲ, ಓಣಿಯವರು ಒಪ್ಪೂದಿಲ್ಲ.” ಓಣಿಯವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಕಾನೂನಿನ ಮಾತನ್ನೂ ನೋಡಿ ಬಿಡೋಣ, ಬ್ಯಾಂಕಿನವನಾದ್ದರಿಂದ ಕಾಗದ ನೋಡುವ ಚಟ ನನಗಿದೆ. ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ಧರ್ಮಗಳ ಭೇದ ಮಾಡಬಾರದು ಎಂದು ಹೇಳುತ್ತದೆ. ಆ ಪಟ್ಟಿಯಲ್ಲಿ ಖಾಸಗಿ ಬಾಡಿಗೆ ಮನೆಯ ಹೆಸರಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ, ಜಾತಿ ಕೇಳಬಾರದು ಎನ್ನುವುದಿಲ್ಲ. ಆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೆಯ ಕಲಮನ್ನು ನಮ್ಮಲ್ಲಿ ಓದಿದವರು ಕಡಿಮೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ಒಬ್ಬರು ಮನೆ ಕಟ್ಟದಂತೆ, ಕೊಳ್ಳದಂತೆ, ವಾಸ ಮಾಡದಂತೆ ತಡೆಯುವುದು ಅಲ್ಲಿ ಅಪರಾಧ. ಹಾಗೆಂದು ನನ್ನ ಮೇಲೆ ಯಾರು ದೂರು ಕೊಟ್ಟಾರು? “ಮನ್ಯಾಗ ಕೇಳಿ ಹೇಳ್ತೀನಿ” ಎಂಬ ಮಾತಿಗೆ ಸಾಕ್ಷಿ ಎಲ್ಲಿದೆ? “ಮನಿ ಹೋದ ವಾರನ ಕೊಟ್ಟೀವ್ರಿ” ಎಂದರೆ ಯಾವ ಕೋರ್ಟು ಏನು ಮಾಡೀತು? ಸಭ್ಯತೆಯಿಂದ ಮಾಡಿದ ಈ ತಪ್ಪನ್ನು ಕಾನೂನು ಹಿಡಿಯುವುದು ಕಷ್ಟ.

ದೆಹಲಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಸುಖದೇವ ಥೋರಟ್ ಮತ್ತು ಅವರ ಸಂಗಡಿಗರು ಇದನ್ನು ಅಭ್ಯಾಸ ಮಾಡಿ 2015ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹೆಸರಿನವರಿಗೆ ಸುಲಭವಾಗಿ ಸಿಕ್ಕ ಮನೆ ದಲಿತರಿಗೆ ಸಿಗಲಿಲ್ಲ, ಮುಸ್ಲಿಮರಿಗೆ ಇನ್ನೂ ಕಡಿಮೆ ಸಿಕ್ಕಿತು. ಇದಕ್ಕೂ ಬಹಳ ಮೊದಲು, 1917ರಲ್ಲಿ, ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ಅಂಬೇಡ್ಕರರಿಗೆ ಆ ನಗರದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಕೆಲವು ದಿನ ಇದ್ದರು. ಗೊತ್ತಾದಾಗ ಕೋಲು ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಪರಿಚಯದ ಇಬ್ಬರ ಮೊರೆ ಹೋದರು, ಇಬ್ಬರೂ ಒಂದೊಂದು ನೆವ ಹೇಳಿದರು. ಅದರಲ್ಲಿ ಒಬ್ಬರು, ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದರಂತೆ. ಅಂಬೇಡ್ಕರರು ತಾವೇ ಬರೆದಿಟ್ಟ ಆ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿಟ್ಟೆ.

ಹಳ್ಳಿಯಲ್ಲಿ ಓಣಿಗಳಿದ್ದವು. ಅಲ್ಲಿ ಯಾರ ಮನೆ ಎಲ್ಲಿ ಎಂಬುದು ಹುಟ್ಟುವ ಮೊದಲೇ ಗೊತ್ತಾಗಿರುತ್ತಿತ್ತು. ನಗರಕ್ಕೆ ಬಂದರೆ ದುಡ್ಡು ಇದ್ದವನು ಎಲ್ಲಿಯಾದರೂ ಮನೆ ಹಿಡಿಯಬಹುದು ಎಂದು ನಂಬಿದ್ದೆವು. ಈಗ ಒಂದೊಂದು ಟು-ಲೆಟ್ ಬೋರ್ಡಿನ ಹತ್ತಿರ ನಿಂತು ನಾವೇ ಆ ಓಣಿಯನ್ನು ತಿರುಗಿ ಕಟ್ಟುತ್ತಿದ್ದೇವೆ. ಒಂದೇ ಸಮಾಜದವರು ಸೇರಿ ಹೊಲ ಕೊಂಡು ಲೇಔಟು ಮಾಡುವುದೂ ಇದೆ, ಬಸವಾದಿ ಶರಣರ ಹೆಸರೇ ಅವಕ್ಕೆ. ಶರಣರ ಹೆಸರಿನ ಲೇಔಟಿನಲ್ಲಿ ಹರಳಯ್ಯನ ಕುಲದವರು ಒಂದು ಪ್ಲಾಟು ಕೇಳಿದರೆ ಸಿಗುತ್ತದೆಯೇ ಎಂದು ಸಂಘದ ಪದಾಧಿಕಾರಿಗಳು ಎದೆ ಮುಟ್ಟಿಕೊಂಡು ಹೇಳಲಿ.

ಕಲ್ಯಾಣದಲ್ಲಿ ಬಸವಣ್ಣನವರ ಮೇಲೆ ಬಿಜ್ಜಳನಿಗೆ ಹೋದ ದೂರುಗಳಲ್ಲಿ ಒಂದು ಇದೇ ಓಣಿಯ ದೂರು. ಪ್ರಧಾನಿಯಾದವರು ಹೊಲಗೇರಿಯ ಶಿವನಾಗಿಮಯ್ಯನ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದರು ಎಂಬುದು ಆಗಿನ ಪಂಡಿತರ ಆಕ್ಷೇಪ. ದಲಿತರನ್ನು ಮಹಾಮನೆಗೆ ಕರೆದು ಊಟ ಹಾಕಿದ್ದರೆ ಅವರು ಬಹುಶಃ ಅಷ್ಟು ಸಿಟ್ಟಾಗುತ್ತಿರಲಿಲ್ಲ, ದಾನ ಧರ್ಮ ಎಂದು ಸುಮ್ಮನಿರುತ್ತಿದ್ದರು. ಓಣಿ ದಾಟಿ ಹೋದದ್ದು, ಮನೆಗೂ ಮನೆಗೂ ನಡುವಿನ ಗೆರೆ ಅಳಿಸಿದ್ದು ಅವರಿಗೆ ಸಹಿಸಲಾಗಲಿಲ್ಲ ಎಂದು ನನಗೆ ತೋರುತ್ತದೆ. ಮುಂದೆ ಹರಳಯ್ಯ ಮಧುವರಸರ ಮನೆಗಳು ಬೀಗರಾದಾಗ ಇಬ್ಬರ ಜೀವವನ್ನೇ ತೆಗೆದರು. ನಾವಾದರೋ ವರ್ಷಕ್ಕೊಮ್ಮೆ ಬಸವ ಜಯಂತಿಗೆ ಎಲ್ಲರನ್ನೂ ಕರೆದು ಪ್ರಸಾದ ಮಾಡಿಸುತ್ತೇವೆ. ಹನ್ನೊಂದು ತಿಂಗಳ ಕರಾರಿಗೆ ಮಾತ್ರ ಸಹಿ ಹಾಕುವುದಿಲ್ಲ.

ನನ್ನ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಅಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಸಿದುಕೊಳ್ಳುವುದು ಬಹಳ ಕಾಲದಿಂದ ಬಂದ ಪದ್ಧತಿ. ಮನೆ ಹುಡುಕುವಾಗ “ಲಿಂಗಾಯತರು” ಎಂದು ಹೇಳಿದ ಕೂಡಲೇ ಮುಖಗಳು ಅರಳುತ್ತಿದ್ದವಂತೆ. ಜಾತಿಯೇ ಒಂದು ಮುಂಗಡವಾಗಿ ನಿಂತಿತು. ಆಮೇಲೆ ಜೊತೆಗೆ ಇರುವ ಗೆಳತಿಯ ಹೆಸರು ಹೇಳಿದಳು. ಮುಸ್ಲಿಂ ಹೆಸರು. ಒಂದೇ ವಾರದಲ್ಲಿ ನಾಲ್ಕು ಮನೆಗಳು ‘ಬೇರೆಯವರಿಗೆ ಹೋದವು’. ಫೋನಿನಲ್ಲಿ ಸಿಟ್ಟಿನಿಂದ ಎಲ್ಲ ಹೇಳಿ, “ಅಪ್ಪಾಜಿ, ನಮ್ಮ ಮ್ಯಾಲಿನ ಮನಿ ಆಕೀಗೆ ಕೊಡ್ತಿದ್ರೇನು ನೀವು?” ಎಂದು ಕೇಳಿದಳು. ರಾಯಚೂರಿನ ಹುಡುಗನ ವಿಷಯ ಆಕೆಗೆ ಗೊತ್ತಿರಲಿಲ್ಲ. ಅಂದು ಹೇಳಿದೆ. ಬಹಳ ಹೊತ್ತು ಆಕೆ ಏನೂ ಮಾತಾಡಲಿಲ್ಲ.

ನಮ್ಮ ಮಠಗಳ ಮೇಲೆ ನನಗೆ ಭರವಸೆ ಇದೆ, ಯಾಕೆಂದರೆ ಇದನ್ನು ಮಾಡಿ ತೋರಿಸಿದ ಚರಿತ್ರೆ ಅವಕ್ಕಿದೆ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಪ್ರಸಾದ ನಿಲಯದಲ್ಲಿ ಉಂಡು ಮಲಗಿ ಓದಿದ ಬಡ ಹುಡುಗರು ಇಡೀ ಉತ್ತರ ಕರ್ನಾಟಕದಲ್ಲಿದ್ದಾರೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿ ಎಲ್ಲ ಧರ್ಮದ ಸಾವಿರಾರು ಮಕ್ಕಳನ್ನು ಒಂದೇ ಮಾಡಿನ ಕೆಳಗೆ ಇರಿಸಿಕೊಂಡರು. ಓದುವ ಹುಡುಗನಿಗೆ ಚಾಪೆ ಹಾಸಿಕೊಡುವಾಗ ನಾವು ಜಾತಿ ಕೇಳಲಿಲ್ಲ. ಅದೇ ಹುಡುಗ ಓದಿ, ನೌಕರಿ ಹಿಡಿದು, ಹೆಂಡತಿ ಮಕ್ಕಳೊಂದಿಗೆ ಬಾಡಿಗೆ ಕೊಡಲು ಸಿದ್ಧನಾಗಿ ಬಂದರೆ ಕೇಳುತ್ತೇವೆ. ಬಡವನಾಗಿ ಬಂದವನಿಗೆ ದಾಸೋಹ ಮಾಡುವುದು ನಮಗೆ ಸುಲಭ, ಸಮಾನನಾಗಿ ಬಂದವನಿಗೆ ಬೀಗದ ಕೈ ಕೊಡುವುದು ಕಷ್ಟ.

ಆದ್ದರಿಂದ ಪೂಜ್ಯರಲ್ಲಿ ನನ್ನ ವಿನಂತಿ ಸಣ್ಣದು, ಲೆಕ್ಕ ಸಿಗುವಂಥದ್ದು. ಬಹುತೇಕ ದೊಡ್ಡ ಮಠಗಳಿಗೆ ಊರಿನಲ್ಲಿ ಬಾಡಿಗೆ ಕೊಡುವ ಮಳಿಗೆಗಳಿವೆ, ಕೆಲವಕ್ಕೆ ಮನೆಗಳೂ ಇವೆ. ಅವು ಯಾವ ಜಾತಿ ಧರ್ಮದವರಿಗಾದರೂ ತೆರೆದಿವೆ, ಮೊದಲು ಬಂದವರಿಗೆ ಮೊದಲು ಎಂದು ಮಠದ ಫಲಕದ ಮೇಲೆ ಬರೆಯಿಸಬೇಕು. ಸಮಾಜದ ಗೃಹ ನಿರ್ಮಾಣ ಸಂಘಗಳ ಭೂಮಿ ಪೂಜೆಗೆ ದಯಮಾಡಿಸುವ ಮೊದಲು ಸದಸ್ಯತ್ವದ ನಿಯಮಗಳನ್ನು ತರಿಸಿ ಓದಬೇಕು. ಇಂಥ ಸಂಘಗಳು ಒಂದೇ ಸಮುದಾಯದವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ, ಪಾರ್ಸಿಗಳ ಸಂಘವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ಹಾಗೆಯೇ ಹೇಳಿದೆ. ಹೀಗಾಗಿ ಅಲ್ಲಿ ಕೇಳಬೇಕಾದವರು ಗುರುಗಳೇ. ಗೃಹಪ್ರವೇಶಕ್ಕೆ ಬಂದಾಗ ‘ಬಸವ ನಿಲಯ’, ‘ಅನುಭವ’, ‘ಮಹಾಮನೆ’ ಎಂದು ಹೆಸರು ಇಡಲು ನಾವು ಕೇಳುತ್ತೇವಲ್ಲ, ಆಗ ಒಂದು ಮಾತು ಕೇಳಿ: “ಬಾಡಿಗೆಗೆ ಕೊಡೂದಿದ್ರ ಯಾರಿಗೆ ಕೊಡ್ತೀರಿ?” ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಆದರೆ ಸುಳ್ಳು ಹೇಳಿದ್ದರೂ ಅದು ನೆನಪಿನಲ್ಲಿ ಉಳಿಯುತ್ತಿತ್ತು.

ಹೋದ ವರ್ಷ ನನ್ನ ಮಾಡಿ ಮನೆ ಮತ್ತೆ ಖಾಲಿಯಾಯಿತು. ಗೇಟಿಗೆ ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂದಷ್ಟೇ ಬರೆದ ಒಂದು ರಟ್ಟು ಕಟ್ಟಿದೆ. ಮುಂಗಡ ಎರಡೇ ತಿಂಗಳದ್ದು. ಮೊದಲು ಬಂದು ಒಪ್ಪಿಕೊಂಡವರಿಗೆ ಅದೇ ದಿನ ಬೀಗದ ಕೈ ಕೊಟ್ಟೆ. ಅವರ ಜಾತಿ ಇಲ್ಲಿ ಬರೆಯುವುದಿಲ್ಲ. ಕೇಳಿರಲಿಲ್ಲ, ಇರುತ್ತ ಇರುತ್ತ ಗೊತ್ತಾಯಿತು, ಅವರಿಗೂ ನಮ್ಮದು ಗೊತ್ತಾಗಿದೆ. ಓಣಿಯ ಹಿರಿಯರೊಬ್ಬರು ವಾಕಿಂಗ್‌ನಲ್ಲಿ ನಿಲ್ಲಿಸಿ, “ಓಣಿ ಕೆಡಿಸಿದ್ರಿ ನೀವು” ಎಂದರು. ಈಗ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಶಿವಾನುಭವದಲ್ಲಿ ಮುಂದಿನ ಸಾಲಿನಲ್ಲಿಯೇ ಕೂಡುತ್ತಾರೆ. ರಾಯಚೂರಿನ ಹುಡುಗನಿಗೆ ಇದರಿಂದ ಏನೂ ಆಗಲಿಲ್ಲ ಎಂಬುದು ನನಗೆ ಗೊತ್ತು. ಆತನ ಮಗಳು ಈಗ ಮೂರನೆಯ ಇಯತ್ತೆಯಲ್ಲಿರಬೇಕು.

ಮೇಲಿನವರಿಗೂ ನಮಗೂ ಎಲ್ಲವೂ ಸರಿ ಇದೆ ಎಂದು ಹೇಳುವುದಿಲ್ಲ. ನಮ್ಮ ಭಾಗಕ್ಕೆ ನಳದ ನೀರು ದಿನಾಲು ಬರುವುದಿಲ್ಲ. ಬಂದ ದಿನ ಟಾಕಿ ತುಂಬಿ ಹರಿದರೂ ಅವರು ಮೋಟರು ಬಂದ್ ಮಾಡುವುದಿಲ್ಲ. ಎರಡು ಸಲ ಹೇಳಿದ್ದೇನೆ, ಮೂರನೆಯ ಸಲ ನಮ್ಮ ಮನೆಯವರೇ ಮೇಲೆ ಹೋಗಿ ಜಗಳ ಮಾಡಿ ಬಂದರು. ಬರುವಾಗ ಅವರು ಕೊಟ್ಟ ಶೇಂಗಾ ಹಿಂಡಿ ಒಂದು ಡಬ್ಬಿ ತಂದಿದ್ದರು.